ಎಂ.ಎಸ್ಸಿ. ಫಿಸಿಕ್ಸ್ ಮುಗೀತು: ಕಾಲೇಜಿನ ಪಾಠವೋ, ಸಂಶೋಧನೆಯೋ, ಬಿ.ಎಡ್. ದಾರಿಯೋ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪ್ಲಸ್ ವನ್‌ನಿಂದ ಇಂಗ್ಲಿಷ್. ಈಗ 24 ವರ್ಷ. ಎಂ.ಎಸ್ಸಿ. ಫಿಸಿಕ್ಸ್ ಮುಗಿದು ಒಂದು ವರ್ಷ ಆಯ್ತು. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಎರಡು ಸಲ ಬರೆದೆ, ಎರಡೂ ಸಲ ಆಗಲಿಲ್ಲ. ಒಂದು ಕಡೆ ಪಿಎಚ್.ಡಿ. ಇಂಟರ್‌ವ್ಯೂನಲ್ಲಿ ಅನಿಶ್ಚಿತತಾ ತತ್ವ ವಿವರಿಸಿ ಅಂದರು. ಗೊತ್ತಿತ್ತು, ಆದರೆ ಬಾಯಿಂದ ಇಂಗ್ಲಿಷ್ ಹೊರಡಲಿಲ್ಲ. ಕನ್ನಡ ಮಾಧ್ಯಮದವರಿಗೆ ಸಂಶೋಧನೆ ಆಗುವುದಲ್ಲ ಅಂತ ಅನ್ನಿಸಿಬಿಟ್ಟಿದೆ. ಸೆಟ್ ಪಾಸಾದರೆ ಕಾಲೇಜಿನಲ್ಲಿ ಕೆಲಸ ಅಂತ ಒಬ್ಬರು ಹೇಳುತ್ತಾರೆ. ಪಿಎಚ್.ಡಿ. ಇಲ್ಲದೆ ಕಾಲೇಜಿನ ಕಡೆ ತಲೆ ಹಾಕಬೇಡ ಅಂತ ಇನ್ನೊಬ್ಬರು. ಕೇರಳದಲ್ಲಿ ಮಲಯಾಳ ಬೇಕು, ಕರ್ನಾಟಕದಲ್ಲಿ ನಾವು ಹೊರಗಿನವರು ಅನ್ನುತ್ತಾರೆ. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ, ತಮ್ಮ ಇನ್ನೂ ಓದುತ್ತಿದ್ದಾನೆ. ಮನೆಯಲ್ಲಿ ಬಿ.ಎಡ್. ಮಾಡು ಎಂಬ ಒತ್ತಾಯ. ಪ್ರೊಫೆಸರ್ ಆಗಬೇಕು ಅಂತ ಹೈಸ್ಕೂಲಿನಿಂದಲೇ ಆಸೆ. ಇನ್ನೂ ಐದಾರು ವರ್ಷ ಮನೆಗೆ ಏನೂ ಕೊಡದೆ ಓದುವುದು ಸ್ವಾರ್ಥವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಇದೇ ಜಿಲ್ಲೆಯ ಕನ್ನಡ ಶಾಲೆಯಿಂದ ಬಂದವಳು. ಕಾಲೇಜುಗಳಲ್ಲಿ 31 ವರ್ಷ ಫಿಸಿಕ್ಸ್ ಪಾಠ ಮಾಡಿ ನಿವೃತ್ತಳಾದೆ. ಪಿಎಚ್.ಡಿ. ಮುಗಿಸಿದ್ದು ಕೆಲಸ ಮಾಡುತ್ತಲೇ, ಮಗಳು ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಹಾಗಾಗಿ ನಿಮ್ಮ ಹೆದರಿಕೆಯಲ್ಲಿ ಯಾವುದು ನಿಜ, ಯಾವುದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು ಎಂದು ಬಿಡಿಸಿ ಹೇಳಬಲ್ಲೆ.

ನಮ್ಮ ಊರಿನಲ್ಲಿ ಪ್ಲಸ್ ಟು ಪಾಠ ಮಾಡುವವರನ್ನೂ ಲೆಕ್ಚರರ್ ಅನ್ನುತ್ತಾರೆ, ಡಿಗ್ರಿಗೆ ಪಾಠ ಮಾಡುವವರನ್ನೂ ಅನ್ನುತ್ತಾರೆ. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವವರೂ ಅದೇ ಸಾಲಿಗೆ. ಆದರೆ ಇವು ಮೂರು ಬೇರೆ ಬೇರೆ ಕೆಲಸ. ಒಂದೊಂದಕ್ಕೂ ಬೇರೆ ಪರೀಕ್ಷೆ. ನಿಮಗೆ ಸಲಹೆ ಕೊಟ್ಟವರು ಬಹುಶಃ ಮೂರನ್ನೂ ಒಟ್ಟಿಗೆ ಕಲಸಿದ್ದಾರೆ.

ಮೊದಲು ಸೆಟ್ ವಿಷಯ. ಗಡಿಯಲ್ಲಿರುವ ನಮಗೆ ಇದರಷ್ಟು ಗೊಂದಲ ಬೇರೆ ಇಲ್ಲ. ಕೇರಳದಲ್ಲಿ ಎಲ್.ಬಿ.ಎಸ್. ಸೆಂಟರ್ ನಡೆಸುವ ಸೆಟ್ ಇದೆಯಲ್ಲ, ಅದು ಹೈಯರ್ ಸೆಕೆಂಡರಿಗೆ, ಅಂದರೆ ಪ್ಲಸ್ ವನ್, ಪ್ಲಸ್ ಟು ಅಧ್ಯಾಪಕರಿಗೆ. ಅದರ ಜೊತೆ ಬಿ.ಎಡ್. ಕೂಡ ಬೇಕು. ಅದನ್ನು ಹಿಡಿದುಕೊಂಡು ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಲು ಆಗುವುದಿಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಕೆ-ಸೆಟ್. ಈಗ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದು ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೇ ಇರುವ ಪರೀಕ್ಷೆ, ಆದರೆ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ. ಕೆ-ಸೆಟ್ ಪಾಸಾಗಿ ಕಾಸರಗೋಡಿನ ಕಾಲೇಜಿಗೆ ಅರ್ಜಿ ಹಾಕಿ ತಿರಸ್ಕೃತರಾದವರನ್ನು ನಾನೇ ನೋಡಿದ್ದೇನೆ. ಎರಡೂ ಕಡೆ, ಇಡೀ ದೇಶದಲ್ಲಿ ನಡೆಯುವುದು ನೆಟ್. ನೀವು ಗಡಿಯವರು, ನಾಳೆ ಯಾವ ಕಡೆ ಕೆಲಸ ಸಿಗುತ್ತದೋ ಗೊತ್ತಿಲ್ಲ. ಹಾಗಿದ್ದ ಮೇಲೆ ನಿಮ್ಮ ಶ್ರಮ ಮೊದಲು ನೆಟ್‌ಗೇ ಹೋಗಬೇಕು. ಕೆ-ಸೆಟ್ ಬರೆಯಿರಿ, ಆದರೆ ಎರಡನೆಯದಾಗಿ.

ಪಿಎಚ್.ಡಿ. ಇಲ್ಲದೆ ಕಾಲೇಜಿನಲ್ಲಿ ಕೆಲಸವೇ ಇಲ್ಲ ಎಂಬ ಮಾತು ಎಲ್ಲಿಂದ ಬಂತೆಂದರೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಯೂನಿವರ್ಸಿಟಿ ವಿಭಾಗಗಳ ನೇಮಕಾತಿಗೆ ಪಿಎಚ್.ಡಿ. ಕಡ್ಡಾಯ ಮಾಡಿತ್ತು. ಅದು 2021ರಿಂದ ಜಾರಿಯಾಗಬೇಕಿತ್ತು, ಮುಂದಕ್ಕೆ ಹೋಯಿತು. 2023ರ ಜುಲೈಯಿಂದ ಯುಜಿಸಿ ಅದನ್ನು ಕೈಬಿಟ್ಟಿತು. ಈಗ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ ಮತ್ತು ನೆಟ್ ಅಥವಾ ಆಯಾ ರಾಜ್ಯದ ಅರ್ಹತಾ ಪರೀಕ್ಷೆ ಸಾಕು. ಆದರೆ ಅರ್ಹತೆ ಬೇರೆ, ಆಯ್ಕೆ ಬೇರೆ. ಆಯ್ಕೆಯ ಅಂಕ ಹಾಕುವಾಗ ಪಿಎಚ್.ಡಿ.ಗೆ ದೊಡ್ಡ ಪಾಲು ಇದೆ. ಕೆಲಸ ಸಿಕ್ಕಿದ ಮೇಲೂ ಅಸೋಸಿಯೇಟ್ ಪ್ರೊಫೆಸರ್ ಆಗುವ ಹೊತ್ತಿಗೆ ಅದು ಬೇಕೇ ಬೇಕು. ಅಂದರೆ ಒಳಗೆ ಹೋಗಲು ಕಡ್ಡಾಯವಲ್ಲ, ಮೇಲೆ ಹೋಗಲು ಕಡ್ಡಾಯ.

ಈಗ ನಿಮ್ಮ ಮನಸ್ಸನ್ನು ಜಾಸ್ತಿ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಕನ್ನಡ ಮಾಧ್ಯಮ.

ಅಡ್ಡಿ ಇದೆ. ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಆದರೆ ಅದು ನೀವು ಅಂದುಕೊಂಡ ಜಾಗದಲ್ಲಿಲ್ಲ. ಪ್ಲಸ್ ವನ್‌ನ ಮೊದಲ ಆರು ತಿಂಗಳನ್ನು ನೆನಪು ಮಾಡಿಕೊಳ್ಳಿ. ಸಂವೇಗ ಮೊಮೆಂಟಮ್ ಆಯಿತು, ವೇಗೋತ್ಕರ್ಷ ಆಕ್ಸಿಲರೇಶನ್ ಆಯಿತು, ಜಡತ್ವ ಇನರ್ಶಿಯಾ ಆಯಿತು. ಪಕ್ಕದಲ್ಲಿ ಕುಳಿತವರು ಲೆಕ್ಕ ಬಿಡಿಸುತ್ತಿದ್ದಾಗ ನೀವು ಪದ ಜೋಡಿಸುತ್ತಿದ್ದಿರಿ, ಅಲ್ವಾ? ಅದೇ ಆರು ತಿಂಗಳಲ್ಲಿ ಮೆಕ್ಯಾನಿಕ್ಸ್ ಮುಗಿದುಹೋಯಿತು. ಫಿಸಿಕ್ಸಿಗೆ ಅದು ಅಡಿಪಾಯ. ಪದಗಳು ಆಮೇಲೆ ಬಂದವು, ಮಾಡದೆ ಬಿಟ್ಟ ಲೆಕ್ಕಗಳು ಬರಲಿಲ್ಲ. ಡಿಗ್ರಿಯಲ್ಲಿ, ಎಂ.ಎಸ್ಸಿ.ಯಲ್ಲಿ ಯಾರೂ ಹಿಂದೆ ಹೋಗಿ ಆ ತೂತು ಮುಚ್ಚಲಿಲ್ಲ. ನೆಟ್‌ನಲ್ಲಿ ಕಾಲು ಜಾರುವುದು ಅಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕ್ವಾಂಟಮ್ ಥಿಯರಿ ಚೆನ್ನಾಗಿ ಹೇಳುತ್ತಾರೆ, ಇಳಿಜಾರಿನಲ್ಲಿ ಉರುಳುವ ಚಕ್ರದ ಲೆಕ್ಕಕ್ಕೆ ತಡವರಿಸುತ್ತಾರೆ.

ಹಾಗಾಗಿ ಔಷಧಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಅಲ್ಲ. ಪ್ಲಸ್ ವನ್ ಮೆಕ್ಯಾನಿಕ್ಸ್ ಪುಸ್ತಕ ತೆಗೆದು, ಪ್ರತಿ ಅಧ್ಯಾಯದ ಹಿಂದಿರುವ ಲೆಕ್ಕಗಳನ್ನು ಒಂದೂ ಬಿಡದೆ ಮಾಡಿ. ನಾಚಿಕೆ ಬೇಡ. ಎರಡು ತಿಂಗಳ ಕೆಲಸ. ನಿಮಗೊಂದು ಅನುಕೂಲವೂ ಇದೆ. ವಕ್ರೀಭವನ ಅಂದಾಗ ಬೆಳಕು ಬಾಗುವುದು ಪದದಲ್ಲೇ ಕಾಣುತ್ತದೆ. ಜಡತ್ವ ಅಂದರೆ ಅರ್ಥ ಕೇಳುವುದೇ ಬೇಡ. ಯೋಚನೆ ಕನ್ನಡದಲ್ಲೇ ನಡೆಯಲಿ. ನಾನು ಇವತ್ತಿಗೂ ಲೆಕ್ಕ ಬಿಡಿಸುವಾಗ ಮನಸ್ಸಿನಲ್ಲಿ ಮಾತಾಡುವುದು ಕನ್ನಡದಲ್ಲೇ.

ಇಂಟರ್‌ವ್ಯೂ ಬಗ್ಗೆ. ನಾನು ಮೇಜಿನ ಆ ಕಡೆ ಎಷ್ಟೋ ಸಲ ಕುಳಿತಿದ್ದೇನೆ. ಒಮ್ಮೆ ಒಬ್ಬ ಹುಡುಗಿಗೆ ಕೇಳಿದೆವು: ಲಿಫ್ಟಿನಲ್ಲಿ ಒಂದು ಸರಳ ಲೋಲಕ ತೂಗುಹಾಕಿದೆ, ಲಿಫ್ಟ್ ವೇಗ ಹೆಚ್ಚಿಸಿಕೊಳ್ಳುತ್ತಾ ಮೇಲೆ ಹೋಗುತ್ತಿದೆ, ಲೋಲಕದ ಆವರ್ತನ ಕಾಲ ಏನಾಗುತ್ತದೆ? ಅವಳು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಎದ್ದು ಬೋರ್ಡಿನಲ್ಲಿ ಪೆಟ್ಟಿಗೆ ಬರೆದಳು, ದಾರ ಬರೆದಳು, ಗುಂಡಿನ ಮೇಲೆ ಬಾಣದ ಗುರುತು ಹಾಕಿದಳು. ಗುರುತ್ವದ ಜಿ ಇದ್ದ ಕಡೆ ಲಿಫ್ಟಿನ ವೇಗೋತ್ಕರ್ಷವನ್ನೂ ಸೇರಿಸಿ ಜಿ ಪ್ಲಸ್ ಎ ಎಂದು ಬರೆದು, "ಲೆಸ್" ಅಂದಳು. ಅವಳ ಬಾಯಿಂದ ಬಂದ ಇಂಗ್ಲಿಷ್ ಆ ಒಂದೇ ಪದ. ನಮಗೆ ಸಾಕಾಯಿತು, ಅವಳನ್ನು ತೆಗೆದುಕೊಂಡೆವು.

ಅನಿಶ್ಚಿತತಾ ತತ್ವಕ್ಕೂ ಹಾಗೇ ಮಾಡಬಹುದಿತ್ತು. ಒಂದು ಸೀಳು ಬರೆಯಿರಿ. ಅದರಿಂದ ಬರುವ ಬೆಳಕು ಪರದೆಯ ಮೇಲೆ ಹರಡುವುದನ್ನು ಬರೆಯಿರಿ. ಸೀಳು ಕಿರಿದು ಮಾಡಿದಷ್ಟೂ ಪಟ್ಟೆ ಅಗಲವಾಗುತ್ತದೆ. ಲೇಸರ್ ಇಟ್ಟು ಲ್ಯಾಬಿನಲ್ಲಿ ನೀವೇ ನೋಡಿರುತ್ತೀರಿ. ಕಣ ಎಲ್ಲಿ ದಾಟುತ್ತದೆ ಎಂಬುದನ್ನು ಬಿಗಿ ಮಾಡಿದಷ್ಟು, ಅದು ಯಾವ ಕಡೆಗೆ ಎಷ್ಟು ಸಂವೇಗದಲ್ಲಿ ಹೋಗುತ್ತದೆ ಎಂಬುದು ಸಡಿಲವಾಗುತ್ತದೆ. ಇಷ್ಟನ್ನು ಹೇಳಲು ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯ ಸಾಕು. ಇಂಥ 30 ವಿಷಯ ಪಟ್ಟಿ ಮಾಡಿ. ದಿನಕ್ಕೊಂದರಂತೆ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಜೋರಾಗಿ ಹೇಳಿ. "ಬೋರ್ಡಿನಲ್ಲಿ ಬರೆಯಬಹುದಾ" ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬೇಡ ಅನ್ನುವ ಸಮಿತಿಯನ್ನು ನಾನು ಕಂಡಿಲ್ಲ.

ನೆಟ್ ಎರಡು ಸಲ ಹೋದದ್ದರಿಂದ ಎದೆಗುಂದಬೇಡಿ. ಆದರೆ ಮೂರನೇ ಸಲವೂ ಅದೇ ರೀತಿ ಓದಬೇಡಿ. ನಿಮಗೆ ಗೊತ್ತಿರುವಂತೆ ಒಟ್ಟು 200 ಅಂಕ: ಎ ಭಾಗಕ್ಕೆ 30, ಬಿ ಭಾಗಕ್ಕೆ 70, ಸಿ ಭಾಗಕ್ಕೆ 100. ಸಿ ಭಾಗದಲ್ಲಿ 30 ಪ್ರಶ್ನೆ ಇರುತ್ತವೆ, 20 ಉತ್ತರಿಸಿದರೆ ಸಾಕು. ತಪ್ಪಾದರೆ ಅಂಕ ಕಡಿತ. ಅಂದರೆ ಎಲ್ಲವನ್ನೂ ಅರ್ಧಂಬರ್ಧ ಓದುವವರಿಗೆ ಈ ಪರೀಕ್ಷೆ ಕಷ್ಟ. ನಾಲ್ಕೈದು ವಿಷಯವನ್ನು ಆಳವಾಗಿ ಹಿಡಿದವರಿಗೆ ಸುಲಭ. ಗಣಿತ ವಿಧಾನಗಳು, ಮೆಕ್ಯಾನಿಕ್ಸ್, ವಿದ್ಯುತ್ಕಾಂತೀಯತೆ, ಕ್ವಾಂಟಮ್, ಥರ್ಮಲ್ ಮತ್ತು ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್. ಇವಿಷ್ಟು ಗಟ್ಟಿಯಾದರೆ ಉಳಿದದ್ದು ಆಮೇಲೆ. ಇದೇ ಓದು ಗೇಟ್, ಜೆಸ್ಟ್ ಎಂಬ ಪ್ರವೇಶ ಪರೀಕ್ಷೆಗಳಿಗೂ ಆಗುತ್ತದೆ. ಜೆಸ್ಟ್ ಬಗ್ಗೆ ನಮ್ಮ ಕಡೆಯ ಮಕ್ಕಳಿಗೆ ಗೊತ್ತೇ ಇರುವುದಿಲ್ಲ, ಇದು ನನ್ನ ಹಳೆಯ ಬೇಸರ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂಥ ಕಡೆ ಪಿಎಚ್.ಡಿ. ಪ್ರವೇಶಕ್ಕೆ ಅದೊಂದು ಬಾಗಿಲು. ಅರ್ಜಿಯ ಖರ್ಚು ಬಿಟ್ಟರೆ ನಷ್ಟವೇನೂ ಇಲ್ಲ.

ಇಷ್ಟೆಲ್ಲ ಮಾಡಿ ಸಿಗುವ ಕೆಲಸ ಹೇಗಿರುತ್ತದೆ? ಇದನ್ನು ನೀವು ಕೇಳಲಿಲ್ಲ, ಆದರೆ ತೀರ್ಮಾನ ಮಾಡುವ ಮೊದಲು ಗೊತ್ತಿರಬೇಕು. ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ ಎಂದು ಯುಜಿಸಿ ಲೆಕ್ಕ. ಹೊರಗಿನವರಿಗೆ ಅದು ಆರಾಮದ ಕೆಲಸದಂತೆ ಕಾಣುತ್ತದೆ. ಹೊಸ ಪೇಪರ್ ಪಾಠ ಮಾಡುವ ವರ್ಷ ಒಂದು ಗಂಟೆಯ ಕ್ಲಾಸಿಗೆ ನಾನು ಮೂರು ಗಂಟೆ ಕೂರುತ್ತಿದ್ದೆ. ಜೊತೆಗೆ ಇಂಟರ್ನಲ್ ಮಾರ್ಕು, ಪೇಪರ್ ವ್ಯಾಲ್ಯುಯೇಶನ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತ, ಅಡ್ಮಿಶನ್ ಕೆಲಸ. ಇನ್ನು ಲ್ಯಾಬು. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತಲ್ಲ. ಜೂನ್ ಕಳೆಯುವಾಗ ಸ್ಪೆಕ್ಟ್ರೋಮೀಟರಿನ ಲೆನ್ಸಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಸೋಡಿಯಂ ದೀಪದ ಹಳದಿ ಗೆರೆ ಮಸುಕಾಗಿ ಕಾಣುತ್ತದೆ. ಮಕ್ಕಳು ತಮ್ಮ ಕಣ್ಣೇ ಸರಿ ಇಲ್ಲ ಅಂದುಕೊಳ್ಳುತ್ತಾರೆ. ನಾನು ಮರದ ಕಪಾಟಿನಲ್ಲಿ 40 ವ್ಯಾಟಿನ ಹಳೇ ಬಲ್ಬು ಉರಿಸಿಟ್ಟು, ಲೆನ್ಸು, ಪ್ರಿಸಂಗಳನ್ನೆಲ್ಲ ಅದರೊಳಗೆ ಜೋಡಿಸಿಡುತ್ತಿದ್ದೆ. ಇದು ಯಾವ ಸಿಲಬಸ್‌ನಲ್ಲೂ ಇಲ್ಲ. ಆದರೆ ಗೆರೆ ಎರಡಾಗಿ ಸ್ಪಷ್ಟವಾಗಿ ಕಂಡಾಗ ಮಗು "ಟೀಚರ್, ಎರಡಿದೆ!" ಎಂದು ಕೂಗುವುದಕ್ಕಾಗಿ ಇದನ್ನೆಲ್ಲ ಮಾಡಬೇಕು ಅನ್ನಿಸುತ್ತದೆ. ಇದು ನಿಮಗೂ ಅನ್ನಿಸುತ್ತದಾ ಎಂದು ಕೇಳಿಕೊಳ್ಳಿ.

ಸಂಶೋಧನೆ ಎಂದರೆ ದೊಡ್ಡ ಯಂತ್ರ, ದೊಡ್ಡ ಊರು ಅಂತ ನೀವು ಅಂದುಕೊಂಡಂತಿದೆ. ಉಳ್ಳಾಲದ ಕಡಲ ಮರಳಿನಲ್ಲಿ ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚು ಎಂದು ತೋರಿಸಿದವರು ಅಲ್ಲೇ ಪಕ್ಕದ ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು. ನನ್ನ ವಿಷಯವೂ ಮನೆ ಬಾಗಿಲಿನದ್ದೇ ಆಗಿತ್ತು. ಕಲ್ಲು, ಮಣ್ಣಿನಲ್ಲಿ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ಕ್ಷಯಿಸುತ್ತಾ ಹೋಗುವಾಗ ರೇಡಾನ್ ಎಂಬ ಅನಿಲ ಹೊರಬರುತ್ತದೆ. ಮುರಕಲ್ಲಿನ ಮನೆಯೊಳಗೆ ಅದು ಎಷ್ಟು ನಿಲ್ಲುತ್ತದೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿದಾಗ ಎಷ್ಟು ಏರುತ್ತದೆ ಎಂಬುದು ನನ್ನ ಪ್ರಶ್ನೆ. ಸಲಕರಣೆ ಏನು ಗೊತ್ತಾ? ಬೆರಳಗಲದ ಕೆಂಪು ಫಿಲ್ಮ್ ತುಂಡು. ಒಂದು ಸಣ್ಣ ಡಬ್ಬಿಯಲ್ಲಿಟ್ಟು ಮನೆಯ ಜಂತಿಗೆ ಮೂರು ತಿಂಗಳು ತೂಗುಹಾಕುವುದು. ಆಮೇಲೆ ತಂದು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಕೆಂಪಿನ ನಡುವೆ ಬಿಳಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಆಲ್ಫಾ ಕಣ ಹೊಡೆದ ಗುರುತು. ರಾತ್ರಿ ಮಗಳು ಮಲಗಿದ ಮೇಲೆ ಆ ಚುಕ್ಕೆ ಎಣಿಸಿದ್ದೇನೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಡಬ್ಬಿಯನ್ನು ಮೂರು ತಿಂಗಳೂ ದಿನಾ ಒರೆಸಿ ಇಟ್ಟಿದ್ದರು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದ ನೀರು, ಸುರಂಗದೊಳಗಿನ ಗಾಳಿ, ಇವುಗಳ ಬಗ್ಗೆ ಕೇಳಬೇಕಾದ ಫಿಸಿಕ್ಸ್ ಪ್ರಶ್ನೆಗಳು ಇನ್ನೂ ಬೇಕಾದಷ್ಟಿವೆ.

ಯಾವ ರಾಜ್ಯ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕೇರಳದಲ್ಲಿ ಸರ್ಕಾರಿ ಕಾಲೇಜಿನ ನೇಮಕ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ. ಶಾಲೆಯಲ್ಲಿ ಮಲಯಾಳ ಓದದವರು ಕೆಲಸಕ್ಕೆ ಸೇರಿದ ಮೇಲೆ ಮಲಯಾಳದ ಪರೀಕ್ಷೆಯೊಂದನ್ನು ಪಾಸು ಮಾಡಬೇಕಾಗುತ್ತದೆ. ಓದಲು, ಬರೆಯಲು ಈಗಲೇ ಶುರುಮಾಡಿ, ಮಾತು ನಿಮಗೆ ಹೇಗೂ ಬರುತ್ತದೆ. ಕರ್ನಾಟಕಕ್ಕೆ ನೀವು ಅರ್ಜಿ ಹಾಕಬಹುದು. ಆದರೆ ಕೇರಳದ ಜಾತಿ ಪ್ರಮಾಣಪತ್ರ ಅಲ್ಲಿನ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ, ಜನರಲ್ ಮೆರಿಟ್‌ನಲ್ಲೇ ಸ್ಪರ್ಧಿಸಬೇಕು ಎಂದು ಲೆಕ್ಕ ಹಾಕಿಕೊಳ್ಳಿ. ಅಷ್ಟರಲ್ಲಿ ಗೆಸ್ಟ್ ಲೆಕ್ಚರರ್ ಆಗುವ ಆಲೋಚನೆ ಇದ್ದರೆ, ನಮ್ಮ ಜಿಲ್ಲೆಯ ಸರ್ಕಾರಿ ಕಾಲೇಜುಗಳಿಗೆ ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ಹೆಸರು ನೋಂದಾಯಿಸಿರಬೇಕು. ಜೂನ್‌ನಲ್ಲಿ ಓಡುವ ಬದಲು ಮೊದಲೇ ಮಾಡಿಡಿ. ಎಚ್ಚರಿಕೆಯ ಒಂದು ಮಾತು: ಗೆಸ್ಟ್ ಕೆಲಸ ಒಂದೆರಡು ವರ್ಷಕ್ಕೆ ಒಳ್ಳೆಯದು, ಪಾಠ ಕಲಿಸುತ್ತದೆ. ಅದೇ ಎಂಟು ಹತ್ತು ವರ್ಷ ಎಳೆದು, ನೆಟ್ ಓದಲು ಪುರುಸೊತ್ತಿಲ್ಲದೆ ಸಿಕ್ಕಿಬಿದ್ದವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಹಾಗೇ, ಹುದ್ದೆಗೆ ದುಡ್ಡು ಕೇಳುವವರು ಎದುರಾದರೆ ತೋಟದ ಮೇಲೆ ಸಾಲ ಮಾಡಿಸಬೇಡಿ. ಆ ಬಾಗಿಲಿನಿಂದ ಹಿಂದೆ ಬನ್ನಿ.

ಬಿ.ಎಡ್. ಬಗ್ಗೆ ನಿಮ್ಮ ಮಾತಿನಲ್ಲಿ ಸ್ವಲ್ಪ ತಾತ್ಸಾರ ಕಂಡಿತು. ಬೇಡ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಭೌತವಿಜ್ಞಾನವನ್ನು ಕನ್ನಡದಲ್ಲೇ ಹೇಳಿಕೊಡುವ ಟೀಚರ್ ನಮ್ಮ ಮಕ್ಕಳಿಗೆ ಎಷ್ಟು ಬೇಕು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅದು ಎರಡು ವರ್ಷದ ಕೋರ್ಸ್. ಹೈಸ್ಕೂಲಿಗೆ ಕೆ-ಟೆಟ್ ಎಂಬ ಅರ್ಹತಾ ಪರೀಕ್ಷೆ, ಪ್ಲಸ್ ಟುವಿಗೆ ಸೆಟ್, ಆಮೇಲೆ ಪಿಎಸ್‌ಸಿ. ಅಲ್ಲೂ ಸಾಲು ಉದ್ದ ಇದೆ. ಮನೆಯವರು ಅಂದುಕೊಂಡಷ್ಟು ಹತ್ತಿರದ ದಾರಿಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಒಂದೂವರೆ ವರ್ಷದ ಗಡುವು ಹಾಕಿಕೊಳ್ಳಿ. ಅಷ್ಟರಲ್ಲಿ ಮೂರು ಸಲ ನೆಟ್, ಒಂದೊಂದು ಸಲ ಗೇಟ್, ಜೆಸ್ಟ್, ಕೆ-ಸೆಟ್. ಖರ್ಚಿಗೆ ಅರ್ಧ ದಿನದ ಪಾಠ, ಪೂರ್ತಿ ದಿನದ್ದು ಬೇಡ. ಜೆಆರ್‌ಎಫ್ (ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಬಂದರೆ ಪಿಎಚ್.ಡಿ.ಗೆ ಸೇರಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಪಯ್ಯನ್ನೂರಿನ ಕಣ್ಣೂರು ಯೂನಿವರ್ಸಿಟಿ ಕ್ಯಾಂಪಸ್, ಸುರತ್ಕಲ್ ಎನ್‌ಐಟಿ, ಎಲ್ಲ ಕಡೆ ಫಿಸಿಕ್ಸ್ ಇದೆ. ಜೆಆರ್‌ಎಫ್ ಇಲ್ಲದೆ ಬರೀ ನೆಟ್ ಆದರೆ ಮೊದಲು ಕಾಲೇಜಿನ ಕೆಲಸ ಹುಡುಕಿ, ಪಿಎಚ್.ಡಿ. ಆಮೇಲೆ ಅರೆಕಾಲಿಕವಾಗಿ. ತಡವಾಯಿತು ಎಂಬ ಭಯ ಬೇಡ. ಎಚ್. ನರಸಿಂಹಯ್ಯನವರು 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆದವರು. ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯಿಂದ ಪಿಎಚ್.ಡಿ. ಪಡೆದದ್ದು 1960ರಲ್ಲಿ. ಒಂದೂವರೆ ವರ್ಷದಲ್ಲಿ ಯಾವುದೂ ಆಗದಿದ್ದರೆ ಬಿ.ಎಡ್.ಗೆ ಸೇರಿ. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಯ ನೆಟ್‌ಗೆ ವಯಸ್ಸಿನ ಮಿತಿ ಇಲ್ಲ, ಆಮೇಲೂ ಬರೆಯಬಹುದು. ಜೆಆರ್‌ಎಫ್‌ಗೆ ಮಾತ್ರ ಇದೆ.

ಪಿಎಚ್.ಡಿ.ಗೆ ಸೇರುವಾಗ ಯೂನಿವರ್ಸಿಟಿಯ ಹೆಸರಿಗಿಂತ ಗೈಡ್ ಮುಖ್ಯ. ನನ್ನ ಗೈಡ್ ನಡುವೆಯೇ ನಿವೃತ್ತರಾದರು, ಇನ್ನೊಬ್ಬರು ಸಿಗುವಷ್ಟರಲ್ಲಿ ಎರಡು ವರ್ಷ ಹೋಯಿತು. ಈಗ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮವಿದೆ. ಆದರೂ ಮೂರು ವರ್ಷದಲ್ಲಿ ಎಲ್ಲರ ಕೆಲಸ ಮುಗಿಯುವುದಿಲ್ಲ. ಸೇರುವ ಮೊದಲು ಆ ಲ್ಯಾಬಿನ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಕೇಳಿ: ಎಷ್ಟು ವರ್ಷದಲ್ಲಿ ಮುಗೀತು, ಯಂತ್ರ ಕೆಟ್ಟರೆ ಎಷ್ಟು ತಿಂಗಳು ಕಾಯಬೇಕು, ಬರೆದದ್ದನ್ನು ಗೈಡ್ ಓದಿ ವಾಪಸ್ ಕೊಡುತ್ತಾರಾ, ನಡುವೆ ಬಿಟ್ಟು ಹೋದವರು ಎಷ್ಟು ಮಂದಿ. ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಪ್ರಕಟಿಸುವ ಜರ್ನಲ್‌ಗಳಲ್ಲಿ ಅವರ ಹೆಸರು ಜಾಸ್ತಿ ಕಂಡರೆ ಆ ಲ್ಯಾಬು ಬೇಡ. ಗರಿಷ್ಠ ಅವಧಿ ಆರು ವರ್ಷ, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ರಿಯಾಯಿತಿ, 240 ದಿನದವರೆಗೆ ಹೆರಿಗೆ ರಜೆ ಇದೆ. ಮದುವೆಯ ಮಾತು ಬಂದಾಗ ಇದನ್ನೂ ಮನೆಯಲ್ಲಿ ಹೇಳಬಹುದು.

ಕೊನೆಗೆ, ಸ್ವಾರ್ಥವಾ ಎಂದು ಕೇಳಿದಿರಿ. ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000. ಐದು ವರ್ಷಕ್ಕೆ 24 ಲಕ್ಷ. ಮನೆಬಾಡಿಗೆ ಭತ್ಯೆ ಬೇರೆ. ಇದು ಬರೀ ಓದಲ್ಲ, ಸಂಬಳ ಇರುವ ಕೆಲಸ. ಆದರೆ ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದರೆ ನಾನ್-ನೆಟ್ ಫೆಲೋಶಿಪ್ 8,000 ರೂಪಾಯಿ. ಹಾಸ್ಟೆಲು, ಊಟಕ್ಕೇ ಸರಿಹೋಗುತ್ತದೆ. ನಿಮ್ಮ ಮನೆಯ ಸ್ಥಿತಿಯಲ್ಲಿ ಈ ಎರಡನೆಯದನ್ನು ನಾನು ಒಪ್ಪುವುದಿಲ್ಲ. ಅಪ್ಪನ ಹತ್ತಿರ "ಪಿಎಚ್.ಡಿ. ಮಾಡ್ತೇನೆ" ಎಂದು ಹೇಳಬೇಡಿ. ಅಡಿಕೆ ಸುಲಿದು ಮುಗಿದ ಸಂಜೆ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕುಳಿತು, ಈ ಲೆಕ್ಕವನ್ನೂ ಒಂದೂವರೆ ವರ್ಷದ ಗಡುವನ್ನೂ ಬರೆದು ತೋರಿಸಿ. ಬಿ.ಎಡ್.ನ ಎರಡು ವರ್ಷದ ಖರ್ಚನ್ನೂ ಪಕ್ಕದಲ್ಲೇ ಬರೆಯಿರಿ. ಆಮೇಲೆ ಅವರೇನು ಹೇಳಿದರು ಎಂದು ನನಗೆ ಬರೆಯಿರಿ.